ಬಿಸಿಯಪ್ಪನ ಉಸಿರು

ನನ್ನ ನಿಜವಾದ ಹೆಸರು ಯಾರ ನಾಲಿಗೆಗೂ ಹತ್ತಲಿಲ್ಲ. ಹೀಟ್ ಪಂಪ್ ಅಂತ ಹಣೆಯ ಮೇಲೆ ಬರೆದಿತ್ತು. ರೆಸಾರ್ಟಿನವರು ಹೀಟರ್ ಅಂದರು. ಧಾರವಾಡದ ಡಾಕ್ಟರು ಮಷಿನ್ ಅಂದರು. ನೀಲವ್ವ ಮಾತ್ರ ಬಿಸಿಯಪ್ಪ ಅಂದಳು, ಕೈ ಮುಗಿದಳು, ಮುಗಿದ ಕೈಯಿಂದಲೇ ನನ್ನ ಮೂಗು ಮುಚ್ಚಿದಳು. ಅವಳ ಮೇಲೆ ನನಗೆ ಸಿಟ್ಟಿತ್ತು. ಇತ್ತೋ, ಇನ್ನೂ ಇದೆಯೋ, ಅದು ಈಗಲೂ ಇತ್ಯರ್ಥವಾಗಿಲ್ಲ. ಅದಕ್ಕೇ ಹೇಳುತ್ತಿದ್ದೇನೆ.

ನಾನು ಹುಟ್ಟಿದ್ದು ಒಂದು ದೊಡ್ಡ ಕಾರ್ಖಾನೆಯಲ್ಲಿ. ಅಲ್ಲಿ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ತಾಮ್ರದ ಕೊಳವೆ ಬಗ್ಗಿಸಿ ಕರುಳು ಮಾಡಿದರು. ಕಾಗದಕ್ಕಿಂತ ತುಸುವೇ ದಪ್ಪನೆಯ ಅಲ್ಯುಮಿನಿಯಂ ಎಲೆಗಳನ್ನು ಒತ್ತೊತ್ತಾಗಿ ನಿಲ್ಲಿಸಿ ಶ್ವಾಸಕೋಶ ಮಾಡಿದರು. ಎದೆಯೊಳಗೆ ಕಂಪ್ರೆಸರ್ ಕೂರಿಸಿ, ಮುಂದೆ ಒಂದು ದೊಡ್ಡ ಫ್ಯಾನು ಬಿಗಿದು, ಅದಕ್ಕೆ ಜಾಲರಿ ತೊಡಿಸಿದರು. ಆ ಜಾಲರಿಯನ್ನೇ ಎಲ್ಲರೂ ನನ್ನ ಬಾಯಿ ಅಂದುಕೊಳ್ಳುತ್ತಾರೆ. ಅಂದುಕೊಳ್ಳಲಿ. ಬೆನ್ನಿನ ಎಲೆಗಳಿಂದ ಗಾಳಿ ಎಳೆದು ಆ ಬಾಯಿಂದ ಊದುವುದು ನನ್ನ ಬಾಳು.

ನಾನು ಒಲೆಯಲ್ಲ. ನನ್ನೊಳಗೆ ಬೆಂಕಿಯಿಲ್ಲ. ಗಾಳಿಯಲ್ಲಿ ಎಷ್ಟು ಚಳಿಯಿದ್ದರೂ ಒಂದಿಷ್ಟು ಬಿಸಿ ಅಡಗಿರುತ್ತದೆ. ಅದನ್ನು ಹೀರಿ ನೀರಿಗೆ ದಾಟಿಸುತ್ತೇನೆ. ಬಿಸಿ ಕಳೆದುಕೊಂಡ ತಣ್ಣನೆಯ ಗಾಳಿಯನ್ನು ಆಚೆ ಉಗುಳುತ್ತೇನೆ. ಇಷ್ಟೇ ನನ್ನ ವಿದ್ಯೆ. ಇದನ್ನು ಅರ್ಥ ಮಾಡಿಕೊಂಡಿದ್ದರೆ ಮುಂದಿನ ಕತೆಯೇ ಇರುತ್ತಿರಲಿಲ್ಲ.

ಮೊದಲು ನನ್ನನ್ನು ಕೊಂಡದ್ದು ದಾಂಡೇಲಿ ಕಡೆಯ ಒಂದು ರೆಸಾರ್ಟು. ಅಲ್ಲಿ ನನಗೆ ಕೆಲಸವೂ ಇರಲಿಲ್ಲ, ವಿಶ್ರಾಂತಿಯೂ ಇರಲಿಲ್ಲ. ಶನಿವಾರ ಬೆಳಿಗ್ಗೆ ಎಬ್ಬಿಸುತ್ತಿದ್ದರು. ಮಂಜಿನಂತೆ ತಣ್ಣಗಿದ್ದ ಈಜುಕೊಳವನ್ನು ಅತಿಥಿಗಳು ಚಹಾ ಕುಡಿದು ಬರುವಷ್ಟರಲ್ಲಿ ಕಾಯಿಸು ಅನ್ನುತ್ತಿದ್ದರು. ಆಗದಿದ್ದರೆ ಬಟನ್ನು ಒತ್ತಿ ಆರಿಸಿ, ಮತ್ತೆ ಒತ್ತಿ ಹೊತ್ತಿಸಿ, ಮೇಲಿಂದ ಒಂದು ಏಟು ಕೊಡುತ್ತಿದ್ದರು. ದಿನವೂ ನಿಧಾನಕ್ಕೆ ದುಡಿಯಲು ಬಿಟ್ಟಿದ್ದರೆ ನನಗೂ ಸುಖ, ಅವರಿಗೂ ಕರೆಂಟು ಉಳಿಯುತ್ತಿತ್ತು. ಅದು ಬೇಡ. ಸೋಮವಾರ ಬಂದರೆ ನಾನು ಸತ್ತೆನೋ ಇದ್ದೆನೋ ಯಾರೂ ಕೇಳುತ್ತಿರಲಿಲ್ಲ. ಮಳೆಗಾಲದಲ್ಲಿ ಹೊಟ್ಟೆಯೊಳಗಿನ ನೀರನ್ನೂ ಇಳಿಸದೆ ತಾಡಪತ್ರಿ ಹೊದಿಸಿ ಹೋದರು. ಒಳಗೆ ಒಂದು ಕಪ್ಪೆ ಸಂಸಾರ ಹೂಡಿತು. ಅಷ್ಟು ದಿನ ನನ್ನ ಜತೆ ಮಾತಾಡಿದ್ದು ಅದೊಂದೇ.

ಕೊನೆಗೆ ರೆಸಾರ್ಟಿನವರಿಗೆ ಇನ್ನೂ ದೊಡ್ಡ ಯಂತ್ರ ಬೇಕಾಯಿತು. ನನ್ನನ್ನು ಧಾರವಾಡಕ್ಕೆ ದಾಟಿಸಿದರು.

ಧಾರವಾಡದ ಮಾಳಮಡ್ಡಿಯಲ್ಲಿ ಡಾಕ್ಟರ್ ಉಷಾ ಹುಯಿಲಗೋಳ ಅವರ ಹಳೆಯ ಬಂಗಲೆ. ಮುಂದುಗಡೆ ದವಾಖಾನೆ. ಹಿತ್ತಿಲಲ್ಲಿ ಎದೆಮಟ್ಟದ ಒಂದು ಸಣ್ಣ ಕೊಳ. ಅದು ಈಜುವುದಕ್ಕಲ್ಲ. ಕಾಲು, ಸೊಂಟ, ಬೆನ್ನು ಮಾತು ಕೇಳದವರು ಬಂದು ಬೆಚ್ಚಗಿನ ನೀರಿನಲ್ಲಿ ನಿಂತು ನಡೆಯುವುದನ್ನು ಮತ್ತೆ ಕಲಿಯುವ ಜಾಗ. ನೆಲದ ಮೇಲೆ ನಿಲ್ಲಲಾರದವರೂ ಆ ನೀರಿನಲ್ಲಿ ನಿಲ್ಲುತ್ತಿದ್ದರು. ನೀರು ತಣ್ಣಗಾದರೆ ಸ್ನಾಯು ಸೆಟೆದುಕೊಳ್ಳುತ್ತದೆ, ಆಗ ಎಲ್ಲ ವ್ಯರ್ಥ. ಹಾಗಾಗಿ ನನಗೆ ಅಲ್ಲಿ ಮೊದಲ ಸಲ ನಿಜವಾದ ಕೆಲಸ ಸಿಕ್ಕಿತು.

ನನ್ನನ್ನು ಕೂರಿಸಿದವನು ಹುಬ್ಬಳ್ಳಿಯ ಫ್ರಿಜ್ ಮೆಕ್ಯಾನಿಕ್ ದಾವಲಸಾಬ. ಕಪ್ಪೆಯನ್ನು ಹೊರಗೆ ಬಿಟ್ಟು, ಒಳಗೆಲ್ಲ ಒರೆಸಿ, ಡಾಕ್ಟರನ್ನು ಕರೆದು ಹೇಳಿದ:

"ಇದಕ್ಕ ಊಟ ಅಂದ್ರ ಗಾಳಿ ಬಾಯಾರ. ಸುತ್ತ ಒಂದ ಮಾರು ಜಾಗ ಬಿಡ್ರಿ. ಕಸ ಕುಂತ್ರ ಮೆತ್ತನ ಬ್ರಷ್‌ಲೇ ಬಳೀರಿ, ಜೋರ ನೀರ ಹೊಡೀಬ್ಯಾಡ್ರಿ. ಫಿಲ್ಟರ್ ವಾರಾ ವಾರಾ ತೊಳೀರಿ. ಕ್ಲೋರಿನ್ ಪುಡಿ ಇದರ ಹತ್ರ ಇಡಾಕ ಹೋಗಬ್ಯಾಡ್ರಿ, ಅದರ ಹೊಗಿ ತಾಮ್ರಾ ತಿಂತೈತಿ. ಸಂಜೀಕ ನೀರಿನ ಮ್ಯಾಲ ಹಾಸು ಹೊಚ್ಚಿ ಬಿಡ್ರಿ, ಇದು ಮಾಡಿದ ದುಡಿಮಿ ಹಾರಿಹೋಗೂದಿಲ್ಲ."

"ಮಗಳನ್ನ ಗಂಡನ ಮನೀಗೆ ಕಳಸ್ದಂಗ ಹೇಳ್ಲಿಕ್ಕತ್ತೀರಲ್ಲ ದಾವಲಸಾಬ."

"ಮಗಳಾದ್ರ ಫೋನ್ ಮಾಡಿ ಅಳ್ತಾಳ್ರೀ. ಇದಕ್ಕ ಅದೂ ಬರಂಗಿಲ್ಲ."

ಡಾಕ್ಟರು ನಕ್ಕರು. ನನಗೆ ನಗು ಬರಲಿಲ್ಲ. ಅವನು ಹೇಳಿದ್ದು ಖರೆ.

ಒಂದೆರಡು ವರ್ಷ ಎಲ್ಲ ಸರಿಯಾಗಿಯೇ ನಡೆಯಿತು. ಮೂರನೆಯ ಬೇಸಿಗೆಯಲ್ಲಿ ಫಕೀರಪ್ಪ ಬಂದ.

ಫಕೀರಪ್ಪ ಹೊಸಯಲ್ಲಾಪುರದವನು. ಟೆಂಪೋ ಓಡಿಸುತ್ತಿದ್ದ. ಕೋಸುಗಡ್ಡೆ ಹೇರಿದ ಗಾಡಿಯ ನೆತ್ತಿಯ ಮೇಲೆ ನಿಂತು ಹಗ್ಗ ಜಗ್ಗುವಾಗ ಹಗ್ಗ ಹರಿದು ಬೆನ್ನಡಿಯಾಗಿ ಬಿದ್ದಿದ್ದ. ಎರಡೂ ಕಾಲು ಹೋಗಿದ್ದವು. ಬಲಗಾಲು ಮೆಲ್ಲಗೆ ಮರಳಿ ಬಂತು. ಎಡಗಾಲು ಮಾತ್ರ ಮುನಿಸಿಕೊಂಡ ನೆಂಟನ ಹಾಗೆ ಮನೆಯಲ್ಲೇ ಇದ್ದು ಯಾವುದಕ್ಕೂ ಕೂಡಿಕೊಳ್ಳುತ್ತಿರಲಿಲ್ಲ. ಅವನ ತಾಯಿ ನೀಲವ್ವ ಅವನನ್ನು ಆಟೋದಲ್ಲಿ ಕರೆತಂದು, ವಾಕರಿಗೆ ಆನಿಸಿ ನಿಲ್ಲಿಸಿ, ತಾನು ಕಸಬರಿಗೆ ಹಿಡಿದು ಹಿತ್ತಿಲು ಗುಡಿಸಲು ನಿಲ್ಲುತ್ತಿದ್ದಳು. ಯಾರೂ ಗುಡಿಸು ಅಂದಿರಲಿಲ್ಲ. ಸುಮ್ಮನೆ ಕೂರುವುದು ಆ ಮನೆತನದಲ್ಲಿ ಯಾರಿಗೂ ಬರುತ್ತಿರಲಿಲ್ಲ.

ಅವನಿಗಂತೂ ಮೈತುಂಬ ಸಿಟ್ಟು. ವಾಕರಿಗೆ ಬೈಯುತ್ತಿದ್ದ, ಮೆಟ್ಟಿಲಿಗೆ ಬೈಯುತ್ತಿದ್ದ, ನೀರಿಗೆ ಬೈಯುತ್ತಿದ್ದ.

"ನೀರಾಗ ನಿಂತ್ರ ಏನ ದೊಡ್ಡ ಶಾಣ್ಯಾತನ ಬಾಯಾರ? ಎಮ್ಮೀನೂ ನಿಲ್ತಾವ."

"ಎಮ್ಮಿ ಕ್ಲಚ್ ಒತ್ತೂದಿಲ್ಲ ಫಕೀರಪ್ಪ. ನೀ ಒತ್ತಬೇಕಾಗೇದ," ಅಂದರು ಡಾಕ್ಟರು.

ಅಂದಿನಿಂದ ಅವನು ಮಾತು ಕಡಿಮೆ ಮಾಡಿದ. ಡಾಕ್ಟರು ಅವನ ಎಡಪಾದದ ಕೆಳಗೆ ಒಂದು ತೇಲುವ ಹಲಗೆ ಕೊಟ್ಟರು. ಅದನ್ನು ನೀರಿನ ತಳದ ಕಡೆಗೆ ತುಳಿಯಬೇಕು. ನೀರು ಅದನ್ನು ಮೇಲಕ್ಕೆ ನೂಕುತ್ತದೆ. ಕ್ಲಚ್ಚು ಥೇಟ್ ಹಾಗೆಯೇ. ಮೊದಲು ಹಲಗೆ ಅಲುಗಲೇ ಇಲ್ಲ. ಆಮೇಲೆ ಒಂದು ಬೆರಳಿನಷ್ಟು ಇಳಿಯಿತು. ಇಳಿದಾಗಲೆಲ್ಲ ಅವನು ಬಾಯಲ್ಲೇ ಗೇರು ಬದಲಿಸುವ ಸದ್ದು ಮಾಡುತ್ತಿದ್ದ. ಹಿತ್ತಿಲು ಗುಡಿಸುತ್ತಿದ್ದ ನೀಲವ್ವ ಕಸಬರಿಗೆ ನಿಲ್ಲಿಸಿ ಕೇಳುತ್ತಿದ್ದಳು.

ಟೆಂಪೋ ಅವನೊಬ್ಬನದಲ್ಲ. ಅವನೂ ಅಕ್ಕನ ಗಂಡ ಅಡಿವೆಪ್ಪನೂ ಕೂಡಿ ಮಾಡಿದ್ದು. ಅಡಿವೆಪ್ಪ ಕೆಟ್ಟವನಲ್ಲ. ಒಂದು ದಿನ ಕೊಳದ ದಂಡೆಯಲ್ಲಿ ಕುಕ್ಕರಗಾಲಲ್ಲಿ ಕುಳಿತು ಹೇಳಿದ: "ಸಂಕ್ರಾಂತಿ ತನಕಾ ಗಾಡಿ ನಿಂದರಸ್ತೀನಿ ಫಕೀರ. ಅಲ್ಲಿಂದ ಮುಂದ ಆಗೂದಿಲ್ಲ. ಬ್ಯಾರೆ ಡ್ರೈವರ್‌ಗೆ ಕೀಲಿ ಕೊಟ್ಟ್ನೆಂದ್ರ, ಆಮ್ಯಾಲ ಇಳಿ ಅನ್ನಾಕ ನನಗೂ ಬಾಯಿ ಬರೂದಿಲ್ಲ."

"ಕೊಡು, ಇವತ್ತ ಕೊಡು," ಅಂದ ಫಕೀರಪ್ಪ. ಅಂದು ಮುಖ ತಿರುಗಿಸಿ ಹಲಗೆ ತುಳಿದ. ಅವತ್ತು ಅದು ಅಂಗೈಯಗಲ ಇಳಿಯಿತು.

ನನಗೆ ಅವನು ಇಷ್ಟವಾಗಿದ್ದು ಅದಕ್ಕೇ. ನಾನೂ ಅವನ ಥರದವನೇ. ಇಟ್ಟಲ್ಲಿ ಇರಬೇಕು, ಒಳಗೆ ಮಾತ್ರ ತಿರುಗುತ್ತಲೇ ಇರಬೇಕು. ನಾನು ಗಾಳಿಯಿಂದ ಕಿತ್ತುಕೊಂಡ ಬಿಸಿ ಅವನ ಆ ಕಾಲಿಗೆ ಹೋಗುತ್ತಿತ್ತು. ಆ ಕಾಲು ನನ್ನದೂ ಹೌದು ಅನ್ನುವಷ್ಟು ಹಟ ನನಗೆ ಬಂದಿತ್ತು. ಕಾರಹುಣ್ಣಿಮೆ ದಾಟಿ, ಶ್ರಾವಣ ದಾಟಿ, ಹಲಗೆ ಮೊಣಕಾಲಿನ ಮಟ್ಟದಿಂದ ಪಾದದ ಮಟ್ಟಕ್ಕೆ ಇಳಿಯಿತು.

ಆಮೇಲೆ ನವರಾತ್ರಿ ಬಂತು. ಆಗಲೇ ಎಲ್ಲ ಕೆಟ್ಟಿತು.

ನೀಲವ್ವನಿಗೆ ಮಗನ ಕಾಲು ಚಿಗುರಿದ್ದು ನನ್ನಿಂದಲೇ ಅಂತ ಬಲವಾಗಿ ಹೊಕ್ಕಿತ್ತು. ಡಾಕ್ಟರ ಪಾಲು ಅವಳು ಡಾಕ್ಟರಿಗೆ ಕೊಟ್ಟಿದ್ದಳು, ದಿನವೂ ರೊಟ್ಟಿ ಬಡಿದು ತರುತ್ತಿದ್ದಳು. ನನ್ನ ಪಾಲು ಬಾಕಿಯಿತ್ತು. ಖಂಡೇಪೂಜೆಯ ದಿನ, ಊರಲ್ಲಿ ಕುಡಗೋಲು ಕೊಡಲಿಯಿಂದ ಹಿಡಿದು ಲಾರಿಯವರೆಗೆ ಎಲ್ಲಕ್ಕೂ ಪೂಜೆ ನಡೆಯುವ ದಿನ, ಅವಳು ಅಳಿಯನನ್ನು ಕರೆದುಕೊಂಡು ಬಂದಳು. ಅಡಿವೆಪ್ಪ ಟೆಂಪೋ ತೊಳೆಯುವ ಪ್ರೆಶರ್ ಪಂಪು ತಂದಿದ್ದ.

"ಛಂದಂಗಿ ಹೊಡಿಯಪಾ. ನಮ್ಮ ಬಿಸಿಯಪ್ಪ ಫಳಫಳ ಅನಬೇಕು."

ಅವನು ಹೊಡೆದ. ಬೆನ್ನಿಗೇ ಹೊಡೆದ. ಆ ನೀರಿನ ಭರಾಟೆಗೆ ನನ್ನ ಅಲ್ಯುಮಿನಿಯಂ ಎಲೆಗಳು ಗಾಳಿಗೆ ಮಲಗಿದ ಜೋಳದ ಪೈರಿನಂತೆ ಅಡ್ಡಡ್ಡ ಬಿದ್ದವು. ಅರ್ಧ ಬೆನ್ನು ಮುಚ್ಚಿಹೋಯಿತು. ನೋಡಿದವರಿಗೆ ಮಾತ್ರ ನಾನು ಹೊಸ ಪಾತ್ರೆಯ ಹಾಗೆ ಹೊಳೆಯುತ್ತಿದ್ದೆ.

ಮಾರನೆಯ ದಿನ ದಸರಾ. ಬನ್ನಿ ಕೊಡುವ ದಿನ. ನೀಲವ್ವ ಹಳದಿ, ಕುಂಕುಮ ಹಚ್ಚಿ, ಚೆಂಡುಹೂವಿನ ದಪ್ಪ ಮಾಲೆ ಹಾಕಿ, ಒಂದು ಹಿಡಿ ಬನ್ನಿ ಎಲೆ ಹಿಡಿದು ನನ್ನ ಮುಂದೆ ನಿಂತಳು. ಮನುಷ್ಯರಾದರೆ ಕೈಯಲ್ಲಿ ಕೊಡಬಹುದು. ನನಗೆ ಕೈಯಿಲ್ಲ. ಒಂದು ಗಳಿಗೆ ಯೋಚಿಸಿ ಹಿಂದೆ ಬಂದು, ಬೆನ್ನಿನ ಸಂದುಗಳೊಳಗೆ ಒಂದೊಂದೇ ಎಲೆ ತೂರಿಸಿದಳು.

"ಬಂಗಾರದ್ಹಂಗ ಇರಪಾ ತಂದಿ. ನನ್ನ ಮಗನ್ನ ನಡಿಸು."

ದವಾಖಾನೆಗೆ ಬಂದವರೆಲ್ಲ ಅದನ್ನು ನೋಡಿ ತಾವೂ ತೂರಿಸಿದರು. ಸೊಂಟ ಹಿಡಿದ ನಿವೃತ್ತ ಮಾಸ್ತರರೂ ಎರಡು ಎಲೆ ಸಿಕ್ಕಿಸಿ ನಮಸ್ಕಾರ ಮಾಡಿದರು. ಇಷ್ಟು ಗೌರವ ನನಗೆ ಹುಟ್ಟಿದಾರಭ್ಯ ಸಿಕ್ಕಿರಲಿಲ್ಲ. ಉಸಿರಾಟ ಮಾತ್ರ ಅವತ್ತಿನಿಂದ ಒಂದೇ ಹೊಳ್ಳೆಯಲ್ಲಿ ನಡೆಯಿತು.

ಅಷ್ಟಕ್ಕೇ ನಿಂತಿದ್ದರೆ ಹೇಗೋ ತೂಗಿಸುತ್ತಿದ್ದೆ. ದೀಪಾವಳಿಯ ಹೊತ್ತಿಗೆ ನೀಲವ್ವನಿಗೆ ಇನ್ನೊಂದು ಹೊಳೆಯಿತು: ದೇವರನ್ನು ಬಿಸಿಲಲ್ಲಿ, ಇಬ್ಬನಿಯಲ್ಲಿ ಬಯಲಿಗೆ ಕೂರಿಸಬಾರದು. ಅಡಿವೆಪ್ಪ ತಗಡು ತಂದ, ಕಬ್ಬಿಣದ ಕೋನಪಟ್ಟಿ ನೆಟ್ಟ, ನನ್ನ ಸುತ್ತ ಗುಡಿಯಂಥ ಒಂದು ಗೂಡು ಕಟ್ಟಿದ. ಮುಂದೆ ಸಣ್ಣ ಬಾಗಿಲು. ಡಾಕ್ಟರು ರೋಗಿಗಳ ನಡುವೆ ಕಿಟಕಿಯಿಂದ ಇಣುಕಿ, "ಛಲೋ ಆತು ಬಿಡ್ರಿ, ಮಳೀಗೂ ಆಸರಾ ಆತು," ಅಂದರು. ದಾವಲಸಾಬ ಹೇಳಿದ ಒಂದು ಮಾರು ಜಾಗ ಯಾರ ನೆನಪಿನಲ್ಲೂ ಉಳಿದಿರಲಿಲ್ಲ. ಒಳಗೆ ಒಂದಿಷ್ಟು ಮೂಲೆ ಖಾಲಿ ಕಂಡಿದ್ದಕ್ಕೆ ಕ್ಲೋರಿನ್ ಪುಡಿಯ ಡ್ರಮ್ಮನ್ನೂ ಅಲ್ಲೇ ತಂದಿಟ್ಟರು. ಚಳಿ ಶುರುವಾದಾಗ ನೀಲವ್ವ ಬಾಗಿಲಿಗೆ ಗೋಣಿತಟ್ಟು ಕಟ್ಟಿದಳು. ಬಿಸಿಯಪ್ಪನಿಗೆ ಥಂಡಿ ಹತ್ತಬಾರದಲ್ಲ.

ಈಗ ನನ್ನ ಸ್ಥಿತಿ ನೋಡಿ. ನಾನು ಉಗುಳಿದ ತಣ್ಣನೆಯ ಗಾಳಿ ಗೋಣಿತಟ್ಟಿಗೆ ಬಡಿದು, ತಿರುಗಿ ಬಂದು ನನ್ನ ಬೆನ್ನಿಗೇ ಬರುತ್ತಿತ್ತು. ಅದರಲ್ಲಿದ್ದ ಬಿಸಿಯನ್ನು ನಾನೇ ಹೀರಿಯಾಗಿತ್ತು. ಉಂಡು ಬಿಟ್ಟ ಎಂಜಲೆಲೆಯನ್ನು ಮತ್ತೆ ಮತ್ತೆ ಮುಂದೆ ಹಾಕಿ ಉಣ್ಣು ಅಂದರೆ ಏನು ಉಣ್ಣಲಿ? ಜತೆಗೆ ಕ್ಲೋರಿನ್ನಿನ ಘಾಟು. ನನ್ನ ಕರುಳಿನ ತಾಮ್ರ ಹಸಿರುಗಟ್ಟತೊಡಗಿತು. ಹಗಲೆಲ್ಲ ಏದುಸಿರು ಬಿಟ್ಟು ದುಡಿದರೂ ನೀರು ಬೆಚ್ಚಗಾಗುತ್ತಿರಲಿಲ್ಲ. ನನ್ನ ಮುಂದಿನ ಗಾಜಿನ ಪಟ್ಟಿಯ ಮೇಲೆ ದೋಷ ಹೇಳುವ ಕೆಂಪು ಅಕ್ಷರ ಮಿನುಗಿತು. ನನಗಿದ್ದ ಕೂಗು ಅದೊಂದೇ. ಗೋಣಿತಟ್ಟಿನ ಹಿಂದೆ ಅದನ್ನು ನೋಡುವವರು ಯಾರು?

ನೀರು ಬೆಚ್ಚಗಿನಿಂದ ಉಗುರುಬೆಚ್ಚಗೆ ಇಳಿದಾಗ ಡಾಕ್ಟರು ದಾವಲಸಾಬನಿಗೆ ಫೋನು ಮಾಡಿದರು. ಅವನು ಗೋವಾದಲ್ಲಿದ್ದ. ಹೋಟೆಲುಗಳ ಸೀಸನ್ನು.

"ಎಂಟು ದಿನ ತಡೀರಿ ಬಾಯಾರ, ಇಲ್ಲಿ ಬಿಡವಲ್ರು. ಅಲ್ಲೀತನಕಾ ಒಮ್ಮೆ ಬಂದ್ ಮಾಡಿ ಚಾಲೂ ಮಾಡ್ರಿ. ಗಾಳಿ ಛಲೋ ಆಡ್ತೈತಿಲ್ಲೋ?"

"ಧಾರವಾಡದ ಗಾಳಿಗೇನು ಕಡಿಮಿ ಆಗೇದ ದಾವಲಸಾಬ," ಅಂದರು ಡಾಕ್ಟರು.

ಒಳಗೆ ನಾನು ಕುದಿಯಬೇಕಿತ್ತು. ಕುದಿಯುವುದಕ್ಕೂ ಬಿಸಿ ಬೇಕಲ್ಲ.

ಕಡೆಗೆ ಒಂದು ಮುಂಜಾನೆ ನನ್ನ ಬೆನ್ನ ಮೇಲೆ ಹಿಮ ಕಟ್ಟಿತು. ಬಿಳಿ ಗಡ್ಡದಂತೆ ಇಳಿಯಿತು. ಕಂಪ್ರೆಸರು ಒಂದು ಸಲ ಗುಕ್ಕಂದು ನಿಂತಿತು. ಪೂಜೆಗೆ ಬಂದ ನೀಲವ್ವ ಅದನ್ನು ನೋಡಿದಳು. ಅವಳಿಗೆ ಅದು ಮುನಿಸಿನಂತೆ ಕಂಡಿತು. ಯಾರಿಗೂ ಹೇಳದೆ ಇನ್ನೆರಡು ಗೋಣಿತಟ್ಟು ತಂದು ನನ್ನ ಹೆಗಲಿಗೇ ಹೊದಿಸಿ, ಕರ್ಪೂರ ಹಚ್ಚಿ, ಗಲ್ಲ ಗಲ್ಲ ಬಡಿದುಕೊಂಡಳು.

ಆ ದಿನ ಫಕೀರಪ್ಪ ನೀರಿಗಿಳಿದ. ಸಂಕ್ರಾಂತಿ ಇನ್ನೇನು ಎದುರಿಗೇ ಇತ್ತು. ನೀರು ಕೊರೆಯುತ್ತಿತ್ತು. ಡಾಕ್ಟರು ಬೇಡ ಅಂದರೂ ಕೇಳಲಿಲ್ಲ. ಹಲಗೆಯ ಮೇಲೆ ಕಾಲಿಟ್ಟು ತುಳಿದ. ಎಡಗಾಲು ಸೊಂಟದಿಂದ ಹೆಬ್ಬೆರಳಿನವರೆಗೆ ಹಗ್ಗ ಹೊಸೆದಂತೆ ತಿರುಚಿಕೊಂಡಿತು. ಅವನು ಆಯ ತಪ್ಪಿ ಮುಳುಗಿದ. ಸೊಂಟಕ್ಕೆ ಕಟ್ಟಿದ್ದ ಪಟ್ಟಿಯನ್ನು ಹಿಡಿದು ಡಾಕ್ಟರೂ ನೀಲವ್ವನೂ ದಂಡೆಗೆ ಎಳೆದುಕೊಂಡರು. ನೀರು ಕಾರುತ್ತ ಅವನು ಮೊದಲು ಕೇಳಿದ್ದು ಹಲಗೆ ಎಷ್ಟು ಇಳಿದಿತ್ತು ಅಂತ.

"ಸಾಕು," ಅಂದರು ಡಾಕ್ಟರು. "ನಾಳಿಂದ ಕೊಳ ಬಂದ್. ದಾವಲಸಾಬ ಬಂದು, ರಿಪೇರಿ ಆಗಿ, ನೀರು ಕಾದ ಮ್ಯಾಲೆನೇ. ತಿಂಗಳಾದ್ರೂ ಆಗಲಿ. ಅಲ್ಲಿ ತನಕಾ ಖೋಲ್ಯಾಗ ಚಾಪಿ ಮ್ಯಾಲ ಮಾಡು."

"ಚಾಪಿ ಮ್ಯಾಲ ಕ್ಲಚ್ ಇರ್ತೈತೇನ್ರಿ?"

ಅವನು ಒದ್ದೆ ಚಡ್ಡಿಯಲ್ಲೇ ವಾಕರ್ ಎಳೆದುಕೊಂಡು ಎದ್ದ. ನನ್ನ ಕಡೆ ಹೊರಟ. ಮುಖ ನೋಡಿದರೇ ಗೊತ್ತಾಗುತ್ತಿತ್ತು. ನನ್ನನ್ನು ಒಡೆದು ಹಾಕಲು ಬರುತ್ತಿದ್ದ. ನನಗೇನೂ ಭಯವಾಗಲಿಲ್ಲ. ಬಾ, ಬೇಗ ಬಾ ಅಂದುಕೊಂಡೆ. ಒಡೆಯುವವನಾದರೂ ಮೊದಲು ಬಾಗಿಲು ತೆಗೆಯಲೇಬೇಕು.

ಗೋಣಿತಟ್ಟು ಕಿತ್ತು ಬಿಸಾಡಿದ. ಬಾಗಿಲು ಎಳೆದ. ಹೊದಿಕೆ ಎಳೆದ. ಎಳೆದವನು ಹಾಗೇ ನಿಂತ.

"ಬೇ, ಇಲ್ಲಿ ಬಾ."

ನೀಲವ್ವ ಬಂದಳು.

"ಏನಿದು?"

"ಮುನದಾನಪಾ ಬಿಸಿಯಪ್ಪ. ನಾ ಹರಕಿ ಹೊತ್ತೇನಿ, ನೀ ಅಲ್ಲಿ ಕಾಲ ಇಡಬ್ಯಾಡ. ದೇವರ ಮನಿ ಐತಿ."

"ದೇವರಿಗೂ ಮೂಗ ಐತೋ ಇಲ್ಲೋ?" ಅವನ ದನಿ ಏರಲಿಲ್ಲ, ಅದೇ ಹೆಚ್ಚು ಹೆದರಿಕೆಯದು. ಒಳಗೆ ಕೈ ಚಾಚಿ, ಬೆನ್ನಿನ ಹಿಮದೊಳಗೆ ಸಿಕ್ಕಿಕೊಂಡ ಬನ್ನಿ ಎಲೆಯನ್ನು ಉಗುರಿನಿಂದ ಕೆರೆದು ತೆಗೆದು ತಾಯಿಯ ಮುಂದೆ ಹಿಡಿದ. "ನಾ ಬೀಳೂಕಿಂತ ಮೊದಲಿನ ಖಂಡೇಪೂಜಿ ನೆನಪೈತಿಲ್ಲೋ? ಗಾಡೀ ಮುಖದ ತುಂಬ ಬಾಳೆಕಂಬ ಕಟ್ಟಿ ಕಳಿಸಿದ್ದಿ. ಕಿತ್ತೂರ ಏರು ಏರೂದ್ರಾಗ ಇಂಜಿನ್ ಕೊತಕೊತ ಕುದ್ದು ನಿಂತಿತ್ತು. ರೇಡಿಯೇಟರಿಗೆ ಗಾಳಿ ಇಲ್ಲ. ನೀ ಆವತ್ತೂ ಏನಂದಿ? ದೃಷ್ಟಿ ಆಗೇತಿ ಅಂದಿ. ಮತ್ತೊಂದ ನಿಂಬಿಹಣ್ಣ ಕಟ್ಟಿದಿ."

"ಅದು ಗಾಡಿ. ಇದು..."

"ಇದೂ ಗಾಡೀನ ಬೇ. ನಿಂತಲ್ಲೇ ಓಡೂ ಗಾಡಿ."

ಇದು ನನ್ನ ಬಗ್ಗೆ ಯಾರಾದರೂ ಆಡಿದ ಅತ್ಯಂತ ಸರಿಯಾದ ಮಾತು. ಇಂದಿಗೂ ಅದನ್ನು ಇಟ್ಟುಕೊಂಡಿದ್ದೇನೆ.

ಅವನು ವಾಕರ್ ಬಿಟ್ಟ. ಗೂಡಿನೊಳಗೆ ತೂರಿ ಮೂಲೆಯ ಕೋನಪಟ್ಟಿಯನ್ನು ಎರಡೂ ಕೈಯಲ್ಲಿ ತಬ್ಬಿ ಹಿಡಿದ. ಗಾಳಿ ಬರಬೇಕಾದರೆ ನನ್ನ ಬೆನ್ನ ಹಿಂದಿನ ತಗಡು ಬೀಳಬೇಕು, ಕೈ ಖಾಲಿಯಿಲ್ಲ. ಬಲಗಾಲು ಅವನನ್ನು ಹೊತ್ತು ನಿಂತಿತ್ತು. ಒದೆಯಲು ಉಳಿದದ್ದು ಒಂದೇ. ಒದ್ದ. ತಗಡು ಡಬ್ ಅಂತು, ಬಗ್ಗಲಿಲ್ಲ. ಅಡಿವೆಪ್ಪನ ಕೆಲಸ ಗಟ್ಟಿ. ಬೈಯುತ್ತ ಮತ್ತೆ ಒದ್ದ. ಒಂದು ಮೊಳೆ ಕಿತ್ತಿತು. ಈ ಸಲ ಬೈಯಲಿಲ್ಲ, ಹಲ್ಲು ಕಚ್ಚಿ, ಪಾದವನ್ನು ತಗಡಿಗೆ ಊರಿ, ಒತ್ತಿದ. ಒದೆಯುವುದಲ್ಲ, ಒತ್ತುವುದು. ತಗಡು ಕಿರ್ರೋ ಅಂತ ಹಿಂದಕ್ಕೆ ಬಾಗಿ ನೆಲಕ್ಕೆ ಬಿತ್ತು.

ಗಾಳಿ ಬಂತು. ಮಾಳಮಡ್ಡಿಯ ಬೇವಿನ ಮರಗಳಿಂದ ಎದ್ದ ಗಾಳಿ, ಯಾರೂ ಉಸಿರಾಡಿ ಬಿಡದ ಗಾಳಿ, ನೇರ ನನ್ನ ಬೆನ್ನಿಗೆ ಬಂತು.

ನೀಲವ್ವ ಬಿದ್ದ ತಗಡನ್ನು ನೋಡಿ ಬಾಯಿಗೆ ಸೆರಗು ಇಟ್ಟುಕೊಂಡಿದ್ದಳು. ಡಾಕ್ಟರು ತಗಡು ನೋಡುತ್ತಿರಲಿಲ್ಲ.

"ಫಕೀರಪ್ಪ, ಇನ್ನೊಮ್ಮೆ ಒದಿ."

"ಸಿಟ್ಟು ಬಂದ್ರ ಬೈರಿ ಬಾಯಾರ. ಚಾಷ್ಟಿ ಮಾಡಬ್ಯಾಡ್ರಿ."

"ಚಾಷ್ಟಿ ಅಲ್ಲೋ ಮಾರಾಯಾ. ಯಾವ ಕಾಲಿನಿಂದ ಒದ್ದಿ, ನೋಡ್ಕೋ."

ಅವನು ತಲೆ ಬಗ್ಗಿಸಿ ನೋಡಿಕೊಂಡ. ಕೋನಪಟ್ಟಿ ಹಿಡಿದ ಕೈ ಸಡಿಲಾಗಿ, ನನ್ನ ತಲೆಯ ಮೇಲೆ ಒರಗಿದ. ಅವನ ಒದ್ದೆ ಮೈ ನಡುಗುತ್ತಿತ್ತು. ಚಳಿಗೋ ಮತ್ತೆ ಯಾತಕ್ಕೋ, ನನಗೆ ಗೊತ್ತಾಗಲಿಲ್ಲ. ಆ ನಡುಕ ನನ್ನ ತಗಡಿಗೂ ಇಳಿಯಿತು.

ಉಳಿದ ತಗಡುಗಳನ್ನು ಅಡಿವೆಪ್ಪನೇ ಬಂದು ಬಿಚ್ಚಿದ. "ಕಟ್ಟಿದ್ದೂ ನಾನ, ಬಿಚ್ಚೂದೂ ನಾನ. ನನಗೇನ ಬ್ಯಾರೆ ಉದ್ಯೋಗ ಐತಿ?" ಅಂತ ಗೊಣಗಿದ. ಕ್ಲೋರಿನ್ ಡ್ರಮ್ಮು ಹಿತ್ತಿಲ ಆ ತುದಿಗೆ ಹೋಯಿತು. ನೀಲವ್ವ ಮಾತ್ರ ಎರಡು ದಿನ ನನ್ನ ಹತ್ತಿರ ಸುಳಿಯಲಿಲ್ಲ. ಮೂರನೆಯ ದಿನ ಬಂದಳು. ಬೆನ್ನ ಹಿಂದೆ ಕೂತು, ಕೊಂಕಿದ ಎಲೆಗಳನ್ನು ಬೆರಳಿನಿಂದ ಸವರಿ ನೋಡಿ, ತುರುಬಿನಿಂದ ತನ್ನ ಹಣಗಿ ತೆಗೆದಳು. ಬನ್ನಿ, ಹೂವಿನ ಎಸಳು, ಕುಂಕುಮದ ಗಟ್ಟಿ ಎಲ್ಲ ಬಿಡಿಸಿ, ಮೇಲಿನಿಂದ ಕೆಳಕ್ಕೆ ಮೆಲ್ಲಗೆ ಬಾಚತೊಡಗಿದಳು. ಸಾಲೆಗೆ ಹೋಗುವ ಹುಡುಗಿಗೆ ಹೆರಳು ಹಾಕುವ ಹಾಗೆ. ನಡುವೆ ನಡುವೆ ನನಗೇ ಬೈಯುತ್ತಿದ್ದಳು: "ಬಾಯಿ ಇಲ್ಲೇನ ನಿನಗ? ಹೇಳಾಕ ಏನಾಗಿತ್ತು?" ಎಲೆಗಳು ಒಂದೊಂದಾಗಿ ನೆಟ್ಟಗೆ ನಿಂತವು. ನನ್ನ ಸಿಟ್ಟು ಅಲ್ಲೇ ಎಲ್ಲೋ ಅವಳ ಹಣಗಿಯ ಹಲ್ಲಿಗೆ ಸಿಕ್ಕಿ ಹೋಗಿರಬೇಕು. ಪೂರ್ತಿ ಹೋಯಿತು ಅಂತ ಹೇಳಲಾರೆ.

ಗೋವಾದಿಂದ ಬಂದ ದಾವಲಸಾಬ ಇದನ್ನು ನೋಡಿ ಚೀಲ ಕೆಳಗಿಟ್ಟ.

"ಇದಕ್ಕ ಕಂಪನಿ ಹಣಗಿನ ಬ್ಯಾರೆ ಬರ್ತೈತಿ ನೀಲವ್ವ."

"ಯಾಕ, ನನ್ನ ಹಣಗೀಗೆ ಹಲ್ಲಿಲ್ಲೇನ?"

"ಅದಾವ, ಅದಾವ. ಬಾಚು. ಎಣ್ಣಿ ಹಚ್ಚಬ್ಯಾಡ ಮತ್ತ."

ಅವನು ಒಳಗಿನ ಹಸಿರುಗಟ್ಟಿದ ಜಾಗಗಳನ್ನು ಉಜ್ಜಿದ, ಒಂದು ಕಡೆ ಬೆಸುಗೆ ಹಾಕಿದ, ಬಿಸಿ ಹೊತ್ತೊಯ್ಯುವ ಗ್ಯಾಸು ಇಳಿದುಹೋಗಿತ್ತು, ಅದನ್ನು ತುಂಬಿದ, ಎಲೆಗಳ ಕಾವಲಿಗೆ ಬೆನ್ನಿಗೂ ಒಂದು ಜಾಲರಿ ತೊಡಿಸಿದ. ಹೊರಡುವಾಗ ನೀಲವ್ವ ಮೆಲ್ಲಗೆ ಕೇಳಿದಳು: "ಹಂಗಾರ ಇನ್ನ ಪೂಜಿ ಮಾಡಬಾರದೇನ ಸಾಬ?"

"ಮಾಡು. ಯಾರ ಬ್ಯಾಡ ಅಂತಾರ? ನೆತ್ತಿ ಮ್ಯಾಲ ಮಾಡು. ಮೂಗಿಗೆ ಬ್ಯಾಡ."

ನೀರು ಮತ್ತೆ ಬೆಚ್ಚಗಾಯಿತು. ನಾನು ಹಿಂದೆಂದೂ ದುಡಿಯದಂತೆ ದುಡಿದೆ. ಫಕೀರಪ್ಪನೂ ಹಾಗೆಯೇ. ಸಂಕ್ರಾಂತಿಯ ಮಾರನೆಯ ದಿನ, ಕರಿ ದಿನ, ಒಳ್ಳೆಯ ಕೆಲಸಕ್ಕೆ ಯಾರೂ ಕೈ ಹಾಕದ ದಿನ, ಅಡಿವೆಪ್ಪ ಟೆಂಪೋ ತಂದು ಹಿತ್ತಿಲ ಗೇಟಿನ ಹತ್ತಿರ ನಿಲ್ಲಿಸಿದ. ನೀಲವ್ವ ಇವತ್ತು ಬೇಡ ಅಂದಳು. ಫಕೀರಪ್ಪ ಕಿವಿಗೆ ಹಾಕಿಕೊಳ್ಳದೆ ಬಾಗಿಲು ಹಿಡಿದು ಹತ್ತಿ ಕೂತ. ನನಗೆ ಗೇಟಿನ ಸರಳುಗಳ ನಡುವೆ ಟೆಂಪೋದ ಹಿಂದಿನ ಗಾಲಿಯಷ್ಟೇ ಕಾಣುತ್ತಿತ್ತು. ಇಂಜಿನ್ ಚಾಲೂ ಆಯಿತು. ಗಾಲಿ ಅಲುಗಲಿಲ್ಲ. ಒಂದು ಜರ್ಕು. ಇಂಜಿನ್ ಬಂದ್ ಬಿತ್ತು.

"ಅರ್ಧಾ ಒತ್ತೀದಿ," ಅಂದ ಅಡಿವೆಪ್ಪ.

"ನನಗ ಗೊತ್ತೈತಿ, ಸುಮ್ನಿರು ಮಾವಾ."

ಮತ್ತೆ ಚಾಲೂ. ಮತ್ತೆ ಬಂದ್. ಆ ಕಡೆ ಡಾಕ್ಟರು ರೋಗಿಯ ಸೊಂಟದ ಮೇಲೆ ಕೈಯಿಟ್ಟುಕೊಂಡೇ ಕಿಟಕಿಯಲ್ಲಿ ನಿಂತಿದ್ದರು. ಮೂರನೆಯ ಸಲ ಗಾಲಿ ತಿರುಗಿತು. ನಿಧಾನಕ್ಕೆ, ನಡುವೆ ಒಮ್ಮೆ ತಡವರಿಸಿ, ಸರಳುಗಳ ಆಚೆಗೆ ಹೋಯಿತು. ದೂರದಲ್ಲಿ ಗೇರು ಬಿದ್ದ ಸದ್ದು ಕೇಳಿತು. ಈ ಸಲ ಅದು ಬಾಯಿಯ ಸದ್ದಾಗಿರಲಿಲ್ಲ.

ಕೀಲಿ ಅವನ ಬಳಿಯೇ ಉಳಿಯಿತು.

ಆಮೇಲೆ ನಾನು ಬಹಳ ವರ್ಷ ಬಾಳಿದೆ. ನನ್ನ ಜತೆ ಹುಟ್ಟಿದವರಲ್ಲಿ ಅಷ್ಟು ಕಾಲ ಬಾಳಿದವರು ಕಡಿಮೆ ಅಂತ ದಾವಲಸಾಬ ಹೇಳುತ್ತಿದ್ದ. ಅದರಲ್ಲಿ ದೊಡ್ಡ ಗುಟ್ಟೇನೂ ಇಲ್ಲ. ವಾರಕ್ಕೊಮ್ಮೆ ಫಿಲ್ಟರು ತೊಳೆದರು. ಬೇವಿನ ಎಲೆ ಬಿದ್ದರೆ ಮೆತ್ತಗೆ ಬಳಿದರು. ನೀರಿನ ಔಷಧವನ್ನು ಅಳತೆ ನೋಡಿ ಹಾಕಿದರು. ಸಂಜೆ ಹಾಸು ಹೊದಿಸಿದರು, ನನಗಲ್ಲ, ನೀರಿಗೆ. ವರ್ಷಕ್ಕೊಮ್ಮೆ ದಾವಲಸಾಬ ಬಂದು ಎದೆಗೆ ಕಿವಿಯಿಟ್ಟು ಹೋದ. ನನ್ನ ಬಿಸಿಯಲ್ಲಿ ಎಷ್ಟೋ ಕಾಲುಗಳು ಎದ್ದು ನಡೆದು ಹೋದವು. ಕೆಲವು ನಡೆಯಲೂ ಇಲ್ಲ. ಅವುಗಳ ಬಗ್ಗೆ ಯೋಚಿಸಿದರೆ ಈಗಲೂ ನನಗೆ ಕೂತಲ್ಲಿ ಕೂರಲಾಗುವುದಿಲ್ಲ.

ಗೂಡಿನೊಳಗಿದ್ದ ಆ ದಿನಗಳ ಕ್ಲೋರಿನ್ ಘಾಟು ಮಾತ್ರ ನನ್ನ ಕರುಳಿನಲ್ಲಿ ಉಳಿದೇ ಇತ್ತು. ಹಚ್ಚಿದ ಬೆಸುಗೆಯ ಪಕ್ಕದಲ್ಲೇ ಮತ್ತೆ ತೂತು. ಒಂದು ಚಳಿಗಾಲ ಕಂಪ್ರೆಸರು ಬಿಗಿದುಕೊಂಡಿತು. ದಾವಲಸಾಬ ಕಿವಿಯಿಟ್ಟು ಕೇಳಿ, ಟೊಪ್ಪಿಗೆ ಸರಿಮಾಡಿಕೊಂಡು, ಸಾಮಾನೆಲ್ಲ ಚೀಲಕ್ಕೆ ತುಂಬಿದ.

ಗುಜರಿಗೆ ಒಯ್ಯಲು ಬಂದದ್ದು ಫಕೀರಪ್ಪನ ಟೆಂಪೋ. ಎಡಗಾಲು ಇನ್ನೂ ತುಸು ಎಳೆಯುತ್ತಿತ್ತು, ಆದರೂ ನನ್ನನ್ನು ಹೇರುವಾಗ ಹಗ್ಗ ಅವನೇ ಬಿಗಿದ, ನೆಲದ ಮೇಲೆ ನಿಂತು. ಹಿಂದೆ ಕೂತು ನಾನು ಮೊದಲ ಸಲ ಆ ಕ್ಲಚ್ಚನ್ನು ಮೈಯಲ್ಲಿ ಕೇಳಿದೆ. ಪ್ರತಿ ಸಿಗ್ನಲ್ಲಿಗೂ, ಪ್ರತಿ ರಸ್ತೆಯುಬ್ಬಿಗೂ ಅವನು ಒತ್ತುತ್ತಿದ್ದ, ಬಿಡುತ್ತಿದ್ದ. ಗುಜರಿಯವನು ನನ್ನ ತಾಮ್ರ, ಅದಕ್ಕಂಟಿದ ಎಲೆಗಳು, ಕಂಪ್ರೆಸರು ಎಲ್ಲ ಬಿಚ್ಚಿಕೊಂಡ. ಉಳಿದ ಡಬ್ಬಿ, ಫ್ಯಾನು, ಬೆನ್ನ ಜಾಲರಿ ಇಷ್ಟನ್ನೂ ಜಜ್ಜಲು ಸುತ್ತಿಗೆ ಎತ್ತಿದಾಗ, ಟೆಂಪೋದ ಮುಂದಿನ ಸೀಟಿನಿಂದ ನೀಲವ್ವ ಇಳಿದಳು. ಅವಳು ಬಂದಿದ್ದೇ ನನಗೆ ಗೊತ್ತಿರಲಿಲ್ಲ.

"ಅದನ್ನ ಹಂಗ ಏರಸು," ಅಂದಳು ಮಗನಿಗೆ.

"ಒಳಗ ಏನೂ ಇಲ್ಲ ಬೇ."

"ನಿನ್ನ ಕಾಲಾಗೂ ಏನೂ ಇದ್ದಿದ್ದಿಲ್ಲ. ಏರಸು."

ಈಗ ನಾನು ಹೊಸಯಲ್ಲಾಪುರದಲ್ಲಿ ಅವರ ಮನೆಯ ಬಗಲಲ್ಲಿ, ಟೆಂಪೋ ನಿಲ್ಲುವ ಜಾಗದ ಪಕ್ಕದಲ್ಲಿದ್ದೇನೆ. ಎದೆಯಿಲ್ಲ, ಕರುಳಿಲ್ಲ. ನನ್ನ ತಲೆಯ ಮೇಲೆ ಹಪ್ಪಳ ಒಣಗುತ್ತವೆ. ನೆಮ್ಮದಿಯಾಗಿದ್ದೀಯಾ ಅಂತ ಕೇಳಬೇಡಿ. ತಿರುಗಲು ಹುಟ್ಟಿದವನಿಗೆ ನೆಮ್ಮದಿ ಅಂದರೆ ತುಕ್ಕು. ರೆಸಾರ್ಟಿನವರು ತಿರುಗಿ ನೋಡದೆ ನನ್ನನ್ನು ಅರ್ಧ ಕೊಂದರು, ಇವಳು ನೋಡಿ ನೋಡಿ ಉಳಿದರ್ಧ ಕೊಂದಳು. ಆದರೆ ಕೊಂದ ಮೇಲೆ ಕೂತು ಬಾಚಿದ್ದು ಇವಳೊಬ್ಬಳೇ. ಲೆಕ್ಕ ಎಲ್ಲಿಗೂ ಕೂಡುವುದಿಲ್ಲ.

ಮೊನ್ನೆ ದಸರಾ ಆಯಿತು. ಫಕೀರಪ್ಪ ಟೆಂಪೋ ತೊಳೆದ. ಅದರ ಮುಖಕ್ಕೆ ಒಂದೇ ಎಳೆ ಹೂವು ಹಾಕಿದ, ಮೇಲುಗಡೆ, ರೇಡಿಯೇಟರಿಗೆ ತಾಗದಂತೆ. ಆಮೇಲೆ ನೀಲವ್ವ ಗೋಡೆ ಹಿಡಿದುಕೊಂಡು ನನ್ನ ಹತ್ತಿರ ಬಂದಳು. ಅವಳಿಗೆ ಈಗ ಕಣ್ಣು ಸರಿಯಾಗಿ ಕಾಣುವುದಿಲ್ಲ. ಮುಷ್ಟಿಯಲ್ಲಿ ಬನ್ನಿ ಇತ್ತು. ಇನ್ನೊಂದು ಕೈಯಿಂದ ನನ್ನ ಮೈ ತಡವಿದಳು. ಬೆನ್ನಿನ ಜಾಲರಿ ಬೆರಳಿಗೆ ಸಿಕ್ಕಿತು. ಕೈಯನ್ನು ಅಲ್ಲಿಂದ ತೆಗೆದಳು. ಮುಂದೆ ತಡವಿದಳು. ಫ್ಯಾನಿನ ಜಾಲರಿ ಸಿಕ್ಕಿತು. ಅಲ್ಲಿಂದಲೂ ತೆಗೆದಳು. ಕೊನೆಗೆ ನೆತ್ತಿ ಹುಡುಕಿ, ಹಪ್ಪಳದ ಪಕ್ಕದಲ್ಲಿ ಎಲೆಗಳನ್ನಿಟ್ಟು, ಹಾರದಂತೆ ಮೇಲೊಂದು ಕಲ್ಲು ಹೇರಿದಳು.

ಎದೆಯೇ ಇಲ್ಲದವನಿಗೆ ಗಾಳಿಯ ದಾರಿ ಬಿಟ್ಟು ಹೋದಳು.

ಟೆಂಪೋ ಹೊರಟಿತು. ಕ್ಲಚ್ಚು ಒತ್ತಿದ್ದು ಕೇಳಿತು, ಬಿಟ್ಟಿದ್ದು ಕೇಳಿತು. ಅದು ಎಬ್ಬಿಸಿದ ಗಾಳಿ ನನ್ನ ಬೆನ್ನಿನಿಂದ ಹೊಕ್ಕು ಮುಂದೆ ಬಂತು. ನನ್ನ ಫ್ಯಾನು ಒಂದು ಸುತ್ತು ತಿರುಗಿತು.